ಅಜ್ಜಿಯ ಒಂದು ಎಕರೆ

ಈ ಸಲದ ರಂಝಾನ್‌ಗೆ ಇನ್ನು ಐದಾರು ದಿನ ಇತ್ತು. ಸುಬ್‌ಹಿ ಬಾಂಗ್‌ಗೂ ಮುಂಚೆ ಫೋನ್ ಬಂತು. "ಅಜ್ರತ್ರೇ, ಅಜ್ಜಿ ಹೋದ್ಳು" ಎಂದಷ್ಟೇ ಹೇಳಿ ಹುಡುಗ ಅಳತೊಡಗಿದ. ಅವನು ಮಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವನು, ಅಜ್ಜಿಯ ಮೊಮ್ಮಗ, ಒಂದು ಕಾಲದಲ್ಲಿ ನಮ್ಮ ಮದ್ರಸದ ವಿದ್ಯಾರ್ಥಿ. ಇನ್ನಾ ಲಿಲ್ಲಾಹಿ ಹೇಳಿ, ವುಝೂ ಮಾಡಿ, ಅವನು ಗೊತ್ತು ಮಾಡಿದ ಕಾರಿನಲ್ಲೇ ನಾವಿಬ್ಬರೂ ಹೊರಟೆವು.

ತೀರ್ಥಹಳ್ಳಿ, ಶಿವಮೊಗ್ಗ, ಚಿತ್ರದುರ್ಗ ದಾಟಿ ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಗೆ ಹೋಗುವ ದಾರಿ ಅದು. ಹಿಂದೆ ಇದಕ್ಕೆ 13ನೇ ನಂಬ್ರದ ರಾಷ್ಟ್ರೀಯ ಹೆದ್ದಾರಿ ಅನ್ನುತ್ತಿದ್ದರು. ಸೊಲ್ಲಾಪುರದಿಂದ ಶುರುವಾಗಿ ನಮ್ಮ ಮಂಗಳೂರಿನಲ್ಲಿ ಮುಗಿಯುತ್ತಿತ್ತು. ಈಗ ನಂಬ್ರಗಳು ಬದಲಾಗಿವೆ. 2009ರಲ್ಲಿ ನಾವಿಬ್ಬರು ಉಸ್ತಾದರು ಇದೇ ದಾರಿಯಲ್ಲಿ ಒಂದೊಂದು ಟ್ರಂಕ್ ಹಿಡಿದು ಬಸ್ಸಿನಲ್ಲಿ ಹೋಗಿದ್ದೆವು. ಅಲ್ಲಿ ಒಂಬತ್ತು ವರ್ಷ ಇದ್ದೆವು.

ಬ್ಯಾರಿ ಉಸ್ತಾದರಿಗೆ ಅಷ್ಟು ದೂರದ ಬಯಲುಸೀಮೆಯಲ್ಲಿ ಏನು ಕೆಲಸ ಎಂದು ಆಗ ಊರಲ್ಲಿ ಅನೇಕರು ಕೇಳಿದ್ದರು. ಹೊಸಹಳ್ಳಿ ಸುತ್ತಮುತ್ತ ಪಿಂಜಾರರ ಮನೆಗಳಿವೆ. ನದಾಫ್ ಎಂದೂ ಕರೆಯುತ್ತಾರೆ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವರ ಹಿಂದಿನ ಕಸುಬು. ಹೆಸರಿನಲ್ಲಿ ಮುಸ್ಲಿಮರು, ಮನೆಯ ಮಾತು ಕನ್ನಡ. ಉರ್ದುವಿನಲ್ಲಿ ಪಾಠ ಮಾಡಿದರೆ ಮಕ್ಕಳು ತಲೆಯಾಡಿಸುತ್ತವೆ, ಅರ್ಥವಾಗುವುದಿಲ್ಲ. ಹಾಗಾಗಿ ಕನ್ನಡದಲ್ಲಿ ದೀನ್ ಕಲಿಸುವವರು ಬೇಕು ಎಂದು ಜಮಾಅತಿನ ಹಿರಿಯರು ಕರೆಸಿಕೊಂಡಿದ್ದರು. ಅವರು ಹನಫಿ, ನಾವು ಶಾಫಿಈ. ನಮ್ಮ ಅಸರ್ ಮೊದಲು, ಅವರ ಅಸರ್ ತಡ. ಅಜ್ಜಿ ಇದನ್ನು ಕೇಳಿ ನಕ್ಕಿದ್ದರು: "ಕಳೆ ತೆಗೆಯೋ ಹೆಂಗಸಿಗೆ ಎರಡು ಹೊತ್ತು ಕೊಟ್ಟಾನ ದೇವರು, ಯಾವುದು ಸಿಕ್ತೋ ಅದು."

ಉಸ್ತಾದರ ಊಟ ಅಲ್ಲಿಯೂ ನಮ್ಮ ಕಡೆಯಂತೆ ಸರದಿಯ ಮೇಲೆ, ದಿನಕ್ಕೊಂದು ಮನೆ. ಗುರುವಾರ ಅಜ್ಜಿಯ ಮನೆ. ಮೊದಲ ಗುರುವಾರ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮೀನು ಗಂಜಿ ಉಂಡು ಬೆಳೆದ ನಮಗೆ ಆ ಗಟ್ಟಿ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ನಾವು ಏನೂ ಹೇಳಲಿಲ್ಲ. ಅಜ್ಜಿ ಬಂದು ತಟ್ಟೆಯೆದುರು ಕೂತು, ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿಕೊಟ್ಟರು. "ಸಮುದ್ರದ ಕಡೆ ಹುಡುಗ್ರು, ಅನ್ನ ಬೇಕಪಾ ನಿಮಗ" ಅಂದರು. ಮುಂದಿನ ಗುರುವಾರದಿಂದ ರೇಷನ್ ಅಕ್ಕಿಯಲ್ಲಿ ನಮಗಾಗಿ ಒಂದು ಪಾವು ಎತ್ತಿಡುವುದು ತಪ್ಪಲಿಲ್ಲ. ಒಂಬತ್ತು ವರ್ಷ ತಪ್ಪಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮನೆಯವರು ಬೇಡ ಅಂದಿದ್ದಾರೆ. ಓಣಿಗೆಲ್ಲ ಅವರು ಅಜ್ಜಿ, ನಮಗೂ ಅಜ್ಜಿ.

ವಯಸ್ಸು ಎಷ್ಟು ಅಂತ ಕೇಳಿದರೆ ಅಜ್ಜಿಗೆ ಅಂಕಿ ಬರುತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿತ್ತು. ಅದು ಬರೆದುಕೊಂಡವರ ಲೆಕ್ಕ. ಅಜ್ಜಿಯ ಲೆಕ್ಕ ಬೇರೆ. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮ ಇಟ್ಟ ಸ್ಮಾರಕವಿದೆ. "ಗಾಂಧಿ ತಾತ ಸತ್ತಾಗ ನಾನು ಎಮ್ಮಿ ಕಾಯೋ ಹುಡುಗಿ" ಎನ್ನುತ್ತಿದ್ದರು. ಅದು 1948. "ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ವರ್ಷ ನನ್ನ ಲಗ್ನ." ಬಳ್ಳಾರಿ ಸೀಮೆ ಮದ್ರಾಸ್ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ನಮ್ಮ ದಕ್ಷಿಣ ಕನ್ನಡವೂ 1956ರವರೆಗೆ ಅದೇ ಮದ್ರಾಸಿನ ಕೆಳಗೆ ಇತ್ತಲ್ಲವೇ, ಅದನ್ನು ಹೇಳಿದಾಗ ಅಜ್ಜಿಗೆ ಖುಷಿ. "ಹಂಗಾರ ನೀವೂ ನಮ್ಮ ಪೈಕಿನ." 2021ರಲ್ಲಿ ವಿಜಯನಗರ ಜಿಲ್ಲೆ ಆಗಿ ಕೂಡ್ಲಿಗಿ ಬಳ್ಳಾರಿಯಿಂದ ಬೇರೆಯಾಯಿತು. ಮನೆಯ ಕಟ್ಟೆ ಬಿಟ್ಟು ಕದಲದೆಯೇ ಅಜ್ಜಿ ಎರಡು ರಾಜ್ಯ, ಎರಡು ಜಿಲ್ಲೆ ಕಂಡರು. ಹೋಗುವಾಗ ಎಂಬತ್ತೈದು ದಾಟಿತ್ತು.

ಕೊಟ್ಟೂರು ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದಾಗ ಮನೆಯಲ್ಲಿ ಮಾವ ಇನ್ನೂ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದರಂತೆ. ಬೇಸಿಗೆಯಲ್ಲಿ ಗಾದಿ ಕೆಲಸ, ಮಳೆ ಬಿದ್ದರೆ ಹೊಲ. ಯಂತ್ರ ಬಂದ ಮೇಲೆ ಬಿಲ್ಲು ಗೋಡೆಗೆ ಏರಿತು, ಹೊಲ ಉಳಿಯಿತು. ಎಂಟು ಎಕರೆ ಮಸಾರಿ. ಕೆಂಪು ಮಣ್ಣು, ಮಳೆಯನ್ನೇ ನಂಬಿದ ಭೂಮಿ. ಒಂದು ಬದಿಗೆ ಹಳ್ಳ, ಇನ್ನೊಂದು ಬದಿಗೆ ಎರಡು ಹುಣಸೆಮರ. ಗಂಡ ಕೂರಿಗೆ ಹಿಡಿದರೆ ಹಿಂದೆ ಸಡ್ಡೆಗೆ ಕಾಳು ಬಿಡುವವರು ಅಜ್ಜಿ. ಶೇಂಗಾ ಸಾಲಿನ ನಡುವೆ ಅಕ್ಕಡಿಗೆ ತೊಗರಿ. ಒಂದು ಕಡೆ ಸಜ್ಜೆ, ಒಂದು ಕಡೆ ನವಣೆ. ಕಳೆ ತೆಗೆಯುವುದು, ಕಾಯಿ ಬಿಡಿಸುವುದು, ತೂರುವುದು, ಕೇರುವುದು, ಬೀಸುವುದು, ಎಮ್ಮೆ ಕಟ್ಟುವುದು, ಏಳು ಹೆರುವುದು, ಅದರಲ್ಲಿ ಮೂರನ್ನು ಮಣ್ಣು ಮಾಡಿ ನಾಲ್ಕನ್ನು ಬೆಳೆಸುವುದು. ಮೂವರು ಗಂಡು, ಒಬ್ಬಳು ಮಗಳು ಉಳಿದರು.

ಬೀಜದ ವಿಷಯದಲ್ಲಿ ಗಂಡನೂ ಅಜ್ಜಿಯನ್ನೇ ಕೇಳಬೇಕಿತ್ತು. ಯಾವ ತೆನೆ ಬೀಜಕ್ಕೆ, ಯಾವುದು ಊಟಕ್ಕೆ ಎಂದು ಹೊಲದಲ್ಲೇ ಬೇರೆ ಮಾಡುವವರು ಅವರು. ನವಣೆ ಬೀಜಕ್ಕೆ ಬೂದಿ, ಬೇವಿನೆಲೆ ಹಾಕಿ ಗಡಿಗೆಯ ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದರು. ಶೇಂಗಾ ಮಾತ್ರ ಸಿಪ್ಪೆಯೊಳಗೇ ಇರಬೇಕು. ಬಿತ್ತನೆಗೆ ವಾರ ಇರುವಾಗ ಕೈಯಲ್ಲೇ ಸುಲಿಯಬೇಕು, ಬೀಜದ ಮೇಲಿನ ಕೆಂಪು ಪೊರೆ ಹರಿದರೆ ಅದು ಮೊಳೆಯುವುದು ಕಷ್ಟ. ಎಕರೆಗೆ ಹತ್ತಿರ ಹತ್ತಿರ 50 ಕಿಲೋ ಕಾಳು ಬೇಕು. ನಾಲ್ಕು ಎಕರೆಗೆ ಎರಡು ಕ್ವಿಂಟಾಲ್. ಅಷ್ಟನ್ನೂ ರಾತ್ರಿ ಬುಡ್ಡಿ ದೀಪದಲ್ಲಿ ಸುಲಿದ ಹೆಬ್ಬೆರಳು ಅದು. ನಾವು ನೋಡುವಾಗ ಆ ಬೆರಳಿನ ಗೆರೆಗಳು ಸವೆದು ಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಎಷ್ಟು ಸಲ ಒತ್ತಿದರೂ ಹಿಡಿಯುತ್ತಿರಲಿಲ್ಲ. ಮಾಲು ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಗಾಡಿಯಲ್ಲಿ ಹೋಗುತ್ತಿತ್ತು, ದುಡ್ಡು ಗಂಡನ ಜೇಬಿನಲ್ಲಿ ಬರುತ್ತಿತ್ತು. "ಅವ್ರು ಒಂದು ಪೈಸೆ ಕುಡುದವ್ರಲ್ಲ, ಆಡಿದವ್ರಲ್ಲ. ತಂದು ನನ್ನ ಕೈಗೇ ಕೊಡ್ತಿದ್ರು" ಎಂದು ಅಜ್ಜಿ ಹೇಳುವಾಗ ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು. ಗಂಡ ಉಣ್ಣದೆ ಅವರು ಉಂಡದ್ದನ್ನು ನಾವು ನೋಡಿಲ್ಲ.

ಅಜ್ಜಿಯ ತಲೆಯಲ್ಲಿ ಎರಡು ಪಂಚಾಂಗ ಇತ್ತು. ಒಂದು ಮಳೆಯದ್ದು: ರೋಹಿಣಿ, ಮಿರಗ, ಆರಿದ್ರ, ಹುಬ್ಬೆ, ಉತ್ತರೆ. ಇನ್ನೊಂದು ಚಂದ್ರನದ್ದು. ಹಿಜ್‌ರಿ ವರ್ಷಕ್ಕೆ 354 ದಿನವಾದ್ದರಿಂದ ರಂಝಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ, 33 ವರ್ಷಕ್ಕೆ ಒಂದು ಸುತ್ತು ತಿರುಗಿ ಅದೇ ಹಂಗಾಮಿಗೆ ಬರುತ್ತದೆ ಎಂದು ನಾವು ಮದ್ರಸದಲ್ಲಿ ಬೋರ್ಡಿನ ಮೇಲೆ ಲೆಕ್ಕ ಹಾಕಿ ಕಲಿಸುತ್ತೇವೆ. ಅಜ್ಜಿಗೆ ಬೋರ್ಡು ಬೇಕಾಗಿರಲಿಲ್ಲ. ಮುಂಗಾರಿ ಬಿತ್ತನೆಯ ಹೊತ್ತಿಗೆ ಉಪವಾಸ ಬಂದದ್ದು ಅವರ ಬದುಕಿನಲ್ಲಿ ಮೂರು ಕಾಲ. ಮದುವೆಯ ಆಸುಪಾಸಿನಲ್ಲಿ, ಆಮೇಲೆ 1980ರ ದಶಕದ ನಡುವೆ, ಕೊನೆಗೆ 2015ರ ಸುತ್ತಮುತ್ತ. ಮೂರರಲ್ಲೂ ಉಪವಾಸ ಬಿಡಲಿಲ್ಲ. ಮೊದಲೆರಡರಲ್ಲಿ ಹೊಲವನ್ನೂ ಬಿಡಲಿಲ್ಲ. ಮೂರನೆಯದರಲ್ಲಿ ಸೊಸೆಯಂದಿರು ಹೊಲಕ್ಕೆ ಹೋದರು, ಅಜ್ಜಿ ಮನೆಯಲ್ಲಿ ಕೂತು ಶೇಂಗಾ ಸುಲಿದರು. "ಬಾಯಿಗೆ ಬೀಗ ಹಾಕಿದ್ರ ಕಾಳು ಕಮ್ಮಿ ಆಗೂದಿಲ್ಲ" ಎಂದು ತಮಾಷೆ.

ಬರಗಾಲದ ಕತೆಗಳನ್ನು ಮೊಮ್ಮಕ್ಕಳು ಕೇಳಿ ಕೇಳಿ ಬಾಯಿಪಾಠ ಮಾಡಿದ್ದವು. 1960ರ ದಶಕದ ನಡುವೆ ಮಳೆ ಕೈಕೊಟ್ಟಾಗ ರೇಷನ್ನಿನಲ್ಲಿ ಅಮೆರಿಕದ ಕೆಂಪು ಜೋಳ ಬರುತ್ತಿತ್ತು. ಅದರ ರೊಟ್ಟಿ ತಟ್ಟಿದರೆ ಒಡೆಯುತ್ತದೆ, ಮುದ್ದೆ ಮಾಡಿದರೆ ಮಕ್ಕಳು ಉಗುಳುತ್ತವೆ. ಅದಕ್ಕೆ ಒಂದು ಹಿಡಿ ನವಣೆ ಬೆರೆಸಿ ಮಕ್ಕಳಿಗೆ ಉಣಿಸಿದವರು ಅಜ್ಜಿ. ಆ ಹೊತ್ತಿನಲ್ಲೂ ಬೀಜದ ಗಡಿಗೆಯ ಬಾಯಿ ಒಡೆಯಲಿಲ್ಲ. ಹಸಿದ ಮಗು ಮುಂದೆ ಇರುವಾಗ ಮುಂದಿನ ವರ್ಷದ ಬೀಜವನ್ನು ಮುಟ್ಟದೆ ಇರುವುದು ಎಂತಹ ಸಬ್ರ್ ಎಂದು ನಾವು ಒಮ್ಮೆ ಕೇಳಿದ್ದಕ್ಕೆ, "ಸಬುರು ಅಲ್ರೀ, ಹೆದರಿಕಿ. ಬೀಜ ಹೋದ್ರ ಹೊಲ ಹೋಗತೈತಿ" ಅಂದಿದ್ದರು.

ಸುಗ್ಗಿಯಲ್ಲಿ ಹೊಲದ ಮೂಲೆಯ ಒಂದೆರಡು ಸಾಲು ಸಜ್ಜೆ ಕೊಯ್ಯದೆ ಬಿಡುತ್ತಿದ್ದರು, ಹಕ್ಕಿಗೆ. ಶೇಂಗಾ ಕಿತ್ತ ಮೇಲೆ ಮಣ್ಣಲ್ಲಿ ಉಳಿದ ಕಾಯಿಯನ್ನು ಹೊಲ ಇಲ್ಲದ ಮನೆಯ ಹೆಂಗಸರು ಬಂದು ಆರಿಸಿಕೊಳ್ಳಬೇಕು, ಅಲ್ಲಿಯವರೆಗೆ ಕುರಿ ಬಿಡುವಂತಿಲ್ಲ. ನೆಟ್ಟದ್ದನ್ನು ಹಕ್ಕಿ ತಿಂದರೂ ಮನುಷ್ಯ ತಿಂದರೂ ಅದು ಸದಖ ಎಂಬ ನಬಿವಚನದ ಅರ್ಥವನ್ನು ನಾವು ಜುಮಾ ದಿನ ವಿವರಿಸಿದ್ದೆವು. ಮುಂದಿನ ಗುರುವಾರ ಊಟದ ಹೊತ್ತಿಗೆ ಅಜ್ಜಿ ಹೇಳಿದರು: "ಮೊಮ್ಮಗ ಬಂದು ಹೇಳ್ದ ಅಜ್ರತ್ರೇ. ನಮ್ಮತ್ತಿನೂ ಹಂಗ ಮಾಡ್ತಿದ್ಳು. ಆಕಿಗೆ ಯಾರು ಹೇಳಿದ್ರೋ."

ಹನ್ನೊಂದು ಮೊಮ್ಮಕ್ಕಳಿದ್ದರು. ಮುಂಜಾನೆ ಮದ್ರಸಕ್ಕೆ ಎಬ್ಬಿಸಿ, ಮುಖ ತೊಳೆಸಿ, ಹೆಣ್ಣುಮಕ್ಕಳಿಗೆ ಜಡೆ ಹಾಕಿ ಕಳುಹಿಸುವ ಕೆಲಸ ಅಜ್ಜಿಯದ್ದು. ತಾಯಂದಿರು ಅಷ್ಟರಲ್ಲಿ ಹೊಲಕ್ಕೆ ಹೋಗಿರುತ್ತಿದ್ದರು. ಮಕ್ಕಳು ಮನೆಗೆ ಬಂದು ಓದಿದ್ದನ್ನು ಒಪ್ಪಿಸಬೇಕು. ಹಾಗೆ ಕೇಳಿ ಕೇಳಿ ಎಪ್ಪತ್ತು ದಾಟಿದ ಮೇಲೆ ಅಜ್ಜಿ ಎಷ್ಟೋ ಸಣ್ಣ ಸೂರಾಗಳನ್ನು ಬಾಯಿಪಾಠ ಮಾಡಿದರು. ಅಕ್ಷರ ಮಾತ್ರ ಕಲಿಯಲಿಲ್ಲ. ನಾವು ಕಲಿಸುತ್ತೇವೆ ಅಂದೆವು. "ಈಗ ಕಲ್ತು ಯಾವ ಕಾಗದ ಓದ್ಲಿ?" ಎಂದು ನಕ್ಕುಬಿಟ್ಟರು. ಈ ಮಾತು ಆಮೇಲೆ ನಮ್ಮನ್ನು ಬಹಳ ಚುಚ್ಚಿತು. ಯಾಕೆ ಎಂದು ಹೇಳುತ್ತೇವೆ.

2014ರಲ್ಲಿ ಅಜ್ಜಿಯ ಗಂಡ ತೀರಿಕೊಂಡರು. ಮಯ್ಯಿತ್ ಎತ್ತುವ ಮುಂಚೆ ಹೆಂಗಸರು ಅಜ್ಜಿಯನ್ನು ಕರೆತಂದು, "ಮಹರ್ ಮಾಫ್ ಮಾಡಿದೆ ಅನ್ನು" ಅಂದರು. ಅರವತ್ತು ವರ್ಷ ಹಿಂದೆ ಬರೆದ, ಕೈಗೆ ಬರದ ಮಹರ್. ಅಜ್ಜಿ ಅಂದರು. ಆ ಹೊತ್ತಿನಲ್ಲಿ ಯಾವ ಹೆಂಡತಿ ಅನ್ನುವುದಿಲ್ಲ? ನಾವು ಬಾಗಿಲ ಹೊರಗೆ ನಿಂತಿದ್ದೆವು, ಕಿವಿಗೆ ಬಿತ್ತು, ಪದ್ಧತಿ ಎಂದು ಸುಮ್ಮನಾದೆವು.

ಮೂರ್ನಾಲ್ಕು ತಿಂಗಳು ಕಳೆದು ಪೌತಿ ಖಾತೆಯ ಮಾತು ಬಂತು. ಎಂಟು ಎಕರೆಯ ಪಹಣಿ ಮೂವರು ಗಂಡುಮಕ್ಕಳ ಹೆಸರಿಗೆ ಆಗಬೇಕು, ತಾಯಿ ಮತ್ತು ತಂಗಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು, ಎರಡು ಸಾಕ್ಷಿ ಬೇಕು. ಗೌರವದಿಂದ ನಮ್ಮಿಬ್ಬರನ್ನು ಕರೆದರು. ನಾವು ಹೋದೆವು, ಸಹಿ ಹಾಕಿದೆವು, ಹೊರಗೆ ಬಂದು ಎಲ್ಲರೊಂದಿಗೆ ಚಹಾ ಕುಡಿದೆವು. ಪತ್ರದಲ್ಲಿ ಏನಿದೆ ಎಂದು ಅಜ್ಜಿಗೆ ಯಾರೂ ಓದಿ ಹೇಳಲಿಲ್ಲ. ನಾವೂ ಹೇಳಲಿಲ್ಲ.

ಆ ವಾರ ನಾವು ಮದ್ರಸದ ದೊಡ್ಡ ತರಗತಿಗೆ ಕಲಿಸುತ್ತಿದ್ದದ್ದು ಫರಾಇಳ್, ಅಂದರೆ ಸೊತ್ತಿನ ಪಾಲಿನ ಲೆಕ್ಕ. ಸೂರಾ ನಿಸಾದಲ್ಲಿ ಹೇಳಿದ ಭಾಗಗಳು. ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು. ಉಳಿದದ್ದರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಅಜ್ಜಿಯ ಮನೆಯ ಲೆಕ್ಕ ಎಷ್ಟು ಸಲೀಸು ನೋಡಿ. ಎಂಟು ಎಕರೆಯಲ್ಲಿ ಎಂಟನೇ ಒಂದು ಅಂದರೆ ಒಂದು ಎಕರೆ, ಅಜ್ಜಿಗೆ. ಉಳಿದ ಏಳು ಎಕರೆಯಲ್ಲಿ ಮೂವರು ಗಂಡುಮಕ್ಕಳಿಗೆ ಎರಡೆರಡು, ಮಗಳಿಗೆ ಒಂದು. ಗುಂಟೆಯ ಚಿಲ್ಲರೆಯೂ ಉಳಿಯುವುದಿಲ್ಲ. ಇಷ್ಟು ನೇರವಾದ ಲೆಕ್ಕ ಕಿತಾಬಿನ ಉದಾಹರಣೆಗಳಲ್ಲೂ ಸಿಗುವುದು ಅಪರೂಪ. ಬೋರ್ಡಿನಲ್ಲಿ ಅದನ್ನೇ ಬರೆಯುತ್ತಿದ್ದ ನಮಗೆ, ಪತ್ರದ ಮೇಲೆ ಸಹಿ ಹಾಕುವಾಗ ಅದು ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಉಣ್ಣುವ ಮನೆಯಲ್ಲಿ ಯಾಕೆ ಮಾತು ಅಂತ ಬಿಟ್ಟೆವು.

ಗಂಡುಮಕ್ಕಳು ಕೆಟ್ಟವರಲ್ಲ. ಅಜ್ಜಿಯನ್ನು ಕಣ್ಣಲ್ಲಿಟ್ಟು ನೋಡಿಕೊಂಡರು. ಕೊನೆಯ ಮೂರು ತಿಂಗಳು ಹಾಸಿಗೆ ಹಿಡಿದಾಗ ಹಿರಿಮಗ ತಾನೇ ಎತ್ತಿ ಕೂರಿಸಿ ಗಂಜಿ ಕುಡಿಸಿದ. ಆದರೆ ಪ್ರೀತಿ ಒಂದು, ಹಕ್ಕು ಇನ್ನೊಂದು.

2018ರಲ್ಲಿ ನಾವು ಊರಿಗೆ ಮರಳಿದೆವು. ವರ್ಷಕ್ಕೊಮ್ಮೆ ಹೋಗಿ ಬರುವುದು ಇತ್ತು. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಜ್ಜಿಯೇ ಆದ್ದರಿಂದ ತಿಂಗಳಿಗೆ 2,000 ರೂಪಾಯಿ ಅವರ ಖಾತೆಗೆ ಬರತೊಡಗಿತು. ಎಪ್ಪತ್ತು ವರ್ಷ ದುಡಿದ ಮೇಲೆ ಅವರ ಹೆಸರಿಗೆ ಬಂದ ಮೊದಲ ದುಡ್ಡು ಅದು. ಮುಂದಿನ ವರ್ಷ ನಾವು ಹೋದಾಗ ಪಾಸ್‌ಬುಕ್ ತಂದು ಮುಂದಿಟ್ಟರು.

"ಇದರಾಗ ನನ್ನ ಹೆಸರು ಎಲ್ಲೈತಿ ತೋರಸ್ರಿ ಅಜ್ರತ್ರೇ."

ತೋರಿಸಿದೆವು. ಹೆಸರಿನ ಮೇಲೆ ಬೆರಳಾಡಿಸಿದರು.

"ಹಂಗಾರ ಅವತ್ತು ಹೆಬ್ಬೆಟ್ಟು ಒತ್ತಿದ್ನಲ್ಲ, ಆ ಕಾಗದದಾಗೂ ನನ್ನ ಹೆಸರಿತ್ತೇನು?"

"ಇತ್ತು ಅಜ್ಜಿ."

"ಏನಂತ ಇತ್ತು?"

ಹತ್ತು ವರ್ಷ ತಡವಾಗಿ ನಾವು ಹೇಳಿದೆವು. ಒಂದು ಎಕರೆ ನಿಮ್ಮದಾಗಿತ್ತು, ಒಂದು ಎಕರೆ ಮಗಳದ್ದು, ಬಿಟ್ಟುಕೊಟ್ಟಿದ್ದೇವೆ ಎಂದು ಬರೆದಿತ್ತು, ನಾವು ಸಾಕ್ಷಿ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಯಾ ಕಡಿದು? ಹಳ್ಳದ ಕಡಿದಾ, ಹುಣಸಿಮರದ ಕಡಿದಾ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಮಗೆ ಅದು ಎಂಟನೇ ಒಂದು, ಅವರಿಗೆ ಅದು ಮಣ್ಣು. ಆ ಹೊಲದ ಪ್ರತಿ ಸಾಲನ್ನು ಬಗ್ಗಿ ನಡೆದವರು ಅವರು.

"ಕೇಳಿದ್ರ ಕೊಡ್ತಿದ್ದೆ" ಅಂದರು. "ಮಕ್ಕಳಿಗೆ ಕೊಡದ ಯಾರಿಗೆ ಕೊಡ್ಲಿ? ಆದ್ರ ಕೊಟ್ಟೆ ಅಂತ ನನಗ ಗೊತ್ತಿರ್ತಿತ್ತು." ಆಮೇಲೆ ಮೆಲ್ಲಗೆ, "ಮಗಳಿಗೆ ಹೇಳೀರೇನು?"

ಇಲ್ಲ ಅಂದೆವು. ಅಜ್ಜಿ ಎದ್ದು ಒಳಗೆ ಹೋದರು. ಸಿಟ್ಟಾದರು ಅಂದುಕೊಂಡೆವು. ಅನ್ನದ ತಟ್ಟೆ ಹಿಡಿದು ಬಂದರು. ಅವತ್ತು ಗುರುವಾರವೂ ಆಗಿರಲಿಲ್ಲ.

ತಿಳಿದು ಮನಸಾರೆ ಬಿಟ್ಟುಕೊಟ್ಟರೆ ಅದು ದಾನ, ಅದಕ್ಕೆ ಕೂಲಿ ಇದೆ. ತಿಳಿಸದೆ ಬಿಡಿಸಿಕೊಂಡರೆ ಅದಕ್ಕೆ ಏನು ಹೆಸರು ಎಂದು ಉಸ್ತಾದರಾದ ನಾವು ಯಾರನ್ನೂ ಕೇಳಬೇಕಾಗಿಲ್ಲ. ಇದು ಹೊಸಹಳ್ಳಿಯ ಕತೆ ಮಾತ್ರ ಅಂತಲೂ ಅಲ್ಲ. ನಮ್ಮ ಕರಾವಳಿಯ ತೋಟದ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಚಿನ್ನ ಹಾಕಿದ್ದೇವಲ್ಲ, ಇನ್ನೇನು ಪಾಲು ಅನ್ನುವ ಮಾತು ಕೇಳದವರು ಯಾರಿದ್ದಾರೆ? 2015-16ರ ಕೃಷಿ ಗಣತಿ ಪ್ರಕಾರ ದೇಶದ ಕೃಷಿ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ಎಂದು ದಾಖಲಾದದ್ದು ಶೇ 14ರಷ್ಟು ಮಾತ್ರ. ಪಹಣಿಯಲ್ಲಿ ಹೆಸರಿಲ್ಲದವರಿಗೆ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಇಲ್ಲ, ಬ್ಯಾಂಕಿನಲ್ಲಿ ಬೆಳೆಸಾಲ ಸಿಗುವುದೂ ಕಷ್ಟ. ವಿಶ್ವಸಂಸ್ಥೆ ಈ 2026ನ್ನು ಮಹಿಳಾ ರೈತರ ಅಂತಾರಾಷ್ಟ್ರೀಯ ವರ್ಷ ಎಂದು ಸಾರಿದೆ. ಆ ವರ್ಷದಲ್ಲೇ ಅಜ್ಜಿ ಹೋದರು, ಸರಕಾರದ ಯಾವ ಕಾಗದದಲ್ಲೂ ರೈತಳಾಗದೆ.

ನಾವು ಹೋಗಿ ತಲುಪುವಾಗ ಲುಹ್‌ರ್ ಆಗಿತ್ತು. ಮಯ್ಯಿತ್ ನಮಾಝ್‌ಗೆ ಮುಂಚೆ ಹಿರಿಮಗ ಮುಂದೆ ಬಂದು, ನಮ್ಮ ತಾಯಿಯಿಂದ ಯಾರಿಗಾದರೂ ಬಾಕಿ ಇದ್ದರೆ ಹೇಳಿ, ನಾವು ತೀರಿಸುತ್ತೇವೆ ಎಂದು ಕೇಳಿದ. ಕೇಳಬೇಕಾದ ಮಾತು ಅದು. ಯಾರೂ ಬಾಯಿ ಬಿಡಲಿಲ್ಲ. ಅಜ್ಜಿ ಯಾರಿಗೂ ಬಾಕಿ ಇಟ್ಟವರಲ್ಲ. ಅವರಿಗೆ ಯಾರು ಬಾಕಿ ಇದ್ದೀರಿ ಎಂದು ಕೇಳುವ ಪದ್ಧತಿ ಇಲ್ಲ. ಇದ್ದಿದ್ದರೆ ಮೊದಲ ಸಾಲಿನಲ್ಲಿ ನಿಂತ ನಾವಿಬ್ಬರು ಕೈ ಎತ್ತಬೇಕಿತ್ತು.

ದಫನ್ ಮುಗಿಸಿ ಬಂದ ರಾತ್ರಿ ಮಗಳನ್ನೂ ಗಂಡುಮಕ್ಕಳನ್ನೂ ಒಟ್ಟಿಗೆ ಕೂರಿಸಿ ಲೆಕ್ಕ ಹೇಳಿದೆವು. ಅಳುತ್ತಿದ್ದ ಮಗಳು ತಲೆ ಎತ್ತಲಿಲ್ಲ. ಹಿರಿಮಗ ಬಹಳ ಹೊತ್ತಾದ ಮೇಲೆ, "ನಮಗೂ ಯಾರೂ ಹೇಳ್ಲಿಲ್ಲಲ್ಲ ಅಜ್ರತ್ರೇ" ಅಂದ. ಅದು ನಮ್ಮ ಮೇಲಿನ ದೂರು. ಅದರಲ್ಲಿ ನ್ಯಾಯ ಇದೆ. ತಂಗಿಗೆ ಹುಣಸೆಮರದ ಕಡೆಯ ಒಂದು ಎಕರೆ ಕೊಡುವ ಮಾತು ಅವರೊಳಗೆ ನಡೆದಿದೆ. ಕಾಗದ ಇನ್ನೂ ಆಗಿಲ್ಲ. ಆಗಲಿ ಎಂದು ದುಆ ಮಾಡುತ್ತಿದ್ದೇವೆ, ಫೋನ್ ಮಾಡಿ ಕೇಳುತ್ತಲೂ ಇದ್ದೇವೆ.

ಈಗ ನಮ್ಮ ಮದ್ರಸದಲ್ಲಿ ಫರಾಇಳ್ ಪಾಠ ಬಂದರೆ ಕಿತಾಬಿನ ದೀನಾರು ದಿರ್‌ಹಮ್‌ಗಳ ಲೆಕ್ಕ ಆಮೇಲೆ. ಮೊದಲು ಬೋರ್ಡಿನಲ್ಲಿ ಎಂಟು ಎಕರೆ ಮಸಾರಿ ಹೊಲ ಬರೆಯುತ್ತೇವೆ. ಒಂದು ಬದಿಗೆ ಹಳ್ಳ, ಒಂದು ಬದಿಗೆ ಎರಡು ಹುಣಸೆಮರ. ಒಬ್ಬಳು ಹೆಂಡತಿ, ಮೂವರು ಗಂಡು, ಒಬ್ಬಳು ಹೆಣ್ಣು. ಪಾಲು ಮಾಡಿ ಎನ್ನುತ್ತೇವೆ. ಹುಡುಗಿಯರೇ ಮೊದಲು ಉತ್ತರ ಹೇಳುತ್ತಾರೆ. ಪಾಲು ಹೇಳಿದವರು ಅದು ಯಾವ ಕಡೆಯದ್ದು ಎಂದೂ ಗೆರೆ ಎಳೆದು ತೋರಿಸಬೇಕು. ಮತ್ತೆ ಯಾವ ಪತ್ರಕ್ಕೂ, ಅದರಲ್ಲಿ ಹೆಬ್ಬೆಟ್ಟು ಒತ್ತುವ ಹೆಂಗಸಿಗೆ ಅವರ ಮಾತಿನಲ್ಲೇ ಓದಿ ಹೇಳದೆ ನಾವು ಸಾಕ್ಷಿ ಹಾಕುವುದಿಲ್ಲ.

ಅಜ್ಜಿಯ ಬೀಜದ ಗಡಿಗೆಯಿಂದ ಸೊಸೆ ಒಂದು ಹಿಡಿ ನವಣೆ ಕಟ್ಟಿಕೊಟ್ಟಿದ್ದಾಳೆ. ನಮ್ಮ ಕರಾವಳಿಯ ಮಳೆಗೆ ಅದು ಬೆಳೆಯುತ್ತದೋ ಇಲ್ಲವೋ, ಮದ್ರಸದ ಅಂಗಳದಲ್ಲಿ ಹಾಕಿ ನೋಡಬೇಕು. ಅಲ್ಲಾಹನು ಅಜ್ಜಿಯ ಖಬರನ್ನು ವಿಶಾಲಗೊಳಿಸಲಿ, ಅವರು ಹಕ್ಕಿಗೆ ಬಿಟ್ಟ ಒಂದೊಂದು ತೆನೆಯನ್ನೂ ಲೆಕ್ಕಕ್ಕೆ ಹಿಡಿಯಲಿ, ಅವರ ವಿಷಯದಲ್ಲಿ ಬಾಯಿ ಮುಚ್ಚಿದ ನಮ್ಮನ್ನು ಕ್ಷಮಿಸಲಿ. ಆಮೀನ್.